ಮಾಡರ್ನ್ ಫಿಸಿಕ್ಸ್ ಬರೀ ಬೋರ್ಡಿನ ಮೇಲೆ ಇದ್ದರೆ ಸಾಲದು

ಮಾನ್ಯ ಸಂಪಾದಕರೇ,

ನಾನು ಅಂಕೋಲಾ ಕಡೆಯವಳು. ಬಿ.ಎಸ್ಸಿ ಕೊನೆಯ ವರ್ಷದಲ್ಲಿ ಫಿಸಿಕ್ಸ್ ಓದುತ್ತಿದ್ದೇನೆ. ಮಾಡರ್ನ್ ಫಿಸಿಕ್ಸ್ ನನಗೆ ತುಂಬಾ ಇಷ್ಟ, ಆದರೆ ಅದನ್ನು ಕಲಿಸುವ ರೀತಿ ನೋಡಿದರೆ ಬೇಜಾರಾಗುತ್ತದೆ. ಡೆರಿವೇಶನ್ ಬರೆಸುತ್ತಾರೆ, ಪರೀಕ್ಷೆಗೆ ಯಾವುದು ಬರಬಹುದು ಅಂತ ಗುರುತು ಹಾಕಿಸುತ್ತಾರೆ, ಅಲ್ಲಿಗೆ ಮುಗಿಯಿತು. ಪ್ರಾಕ್ಟಿಕಲ್‌ನಲ್ಲಿ ರೀಡಿಂಗ್ ಸರಿಬರದಿದ್ದರೆ ಸೀನಿಯರ್‌ಗಳ ಜರ್ನಲ್ ನೋಡಿ ಬರೆದುಬಿಡುತ್ತೇವೆ. ಲ್ಯಾಬಿನಲ್ಲಿ ವಿಕಿರಣ ಎಣಿಸುವ ಗೈಗರ್ ಕೌಂಟರ್ ಇದೆ, ಆದರೆ ಹಾಳಾದರೆ ಯಾರು ಹೊಣೆ ಅಂತ ಅದನ್ನು ಕಪಾಟಿನಿಂದ ಹೊರಗೆ ತೆಗೆಯುವುದೇ ಇಲ್ಲ.

ಇದು ಬೇರೆ ಊರಿನ ಮಾತಾಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ನಮ್ಮದು ಕೈಗಾ ಅಣು ವಿದ್ಯುತ್ ಸ್ಥಾವರ ಇರುವ ಜಿಲ್ಲೆ. ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ, 700 ಮೆಗಾವಾಟ್‌ನ ಇನ್ನೆರಡು ಬರಲಿವೆ. ಮೊದಲ ಘಟಕ 962 ದಿನ ಒಮ್ಮೆಯೂ ನಿಲ್ಲದೆ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿತ್ತು. ನಾವು ಮಾತ್ರ 'ಮಾಡರೇಟರ್ ಎಂದರೆ ಭಾರಜಲ' ಅಂತ ಒಂದು ಅಂಕಕ್ಕೆ ಬಾಯಿಪಾಠ ಮಾಡುತ್ತೇವೆ. ಮಾಡರೇಟರ್‌ನ ಕೆಲಸ ನ್ಯೂಟ್ರಾನ್‌ಗಳ ವೇಗ ತಗ್ಗಿಸುವುದು. ಅದಕ್ಕೆ ಭಾರಜಲವೇ, ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರೇ ಯಾಕೆ ಬೇಕು? ಸಾದಾ ನೀರೂ ನ್ಯೂಟ್ರಾನ್‌ನ ವೇಗ ತಗ್ಗಿಸುತ್ತದೆ, ಆದರೆ ಜೊತೆಗೆ ನುಂಗಿಯೂ ಬಿಡುತ್ತದೆ. ಕೈಗಾದ ಇಂಧನವಾದ ಸಹಜ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯು-235 ಇರುವುದೇ ಶೇ 0.7ರಷ್ಟು, ಹಾಗಾಗಿ ನ್ಯೂಟ್ರಾನ್ ಪೋಲಾದರೆ ಸರಪಳಿ ಕ್ರಿಯೆ ನಡೆಯುವುದಿಲ್ಲ. ಇಷ್ಟು ಗೊತ್ತಾದ ಮೇಲೆ ಆ ಪಾಠ ಮರೆಯಲು ಸಾಧ್ಯವೇ ಇಲ್ಲ, ಅಲ್ವಾ?

ವಿಕಿರಣ ಅಳೆಯುವುದನ್ನು ಕಲಿಸಲು ದೊಡ್ಡ ಖರ್ಚೇನೂ ಬೇಡ. ನಮ್ಮ ಅಡಿಕೆ ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೇ ಸಾಕು. ಪೊಟ್ಯಾಸಿಯಂ ಎಲ್ಲೇ ಇರಲಿ, ಅದರಲ್ಲಿ ಶೇ 0.012ರಷ್ಟು ವಿಕಿರಣ ಸೂಸುವ ಪೊಟ್ಯಾಸಿಯಂ-40 ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಬೇಕಾದ ಕಾಲ, ಸುಮಾರು 125 ಕೋಟಿ ವರ್ಷ. ಮೊದಲು ಸುಮ್ನೆ ಖಾಲಿ ಮೇಜಿನ ಮೇಲೆ ಕೌಂಟರ್ ಇಟ್ಟು ಹತ್ತು ನಿಮಿಷ ಎಣಿಸಬೇಕು, ಆಮೇಲೆ ಟ್ಯೂಬಿನ ಬಾಯಿಗೆ ಪೊಟ್ಯಾಷ್ ತುಂಬಿದ ಬಟ್ಟಲು ಹಿಡಿದು ಮತ್ತೆ ಹತ್ತು ನಿಮಿಷ ಎಣಿಸಬೇಕು. ಎಣಿಕೆ ಏರುತ್ತದೆ. ನಡುವೆ ಅಲ್ಯೂಮಿನಿಯಂ ತಗಡು ಇಟ್ಟರೆ ಇಳಿಯುತ್ತದೆ. ಇದೇ ಪೊಟ್ಯಾಸಿಯಂ ಬಾಳೆಹಣ್ಣಿನಲ್ಲೂ ಇದೆ, ಎಳನೀರಿನಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ. ಕೈಗಾ ಬೇಕು, ಬೇಡ ಅಂತ ನಮ್ಮಲ್ಲಿ ಎಷ್ಟೊಂದು ವಾದ ನಡೆಯುತ್ತದೆ. ಯಾವ ಕಡೆಯವರೇ ಆಗಲಿ, ಅಳೆಯಲು ಬಲ್ಲ ಹುಡುಗ ಹುಡುಗಿಯರು ಊರಲ್ಲಿದ್ದರೆ ಆ ಮಾತಿಗೆ ತೂಕ ಬರುತ್ತದೆ.

ಕಳೆದ ರಜೆಯಲ್ಲಿ ನಾನೂ ಗೆಳತಿಯೂ ಕಾರವಾರದ ಅಂಗಡಿಯಿಂದ ಕೆಂಪು ಮತ್ತು ನೀಲಿ ಎಲ್‌ಇಡಿ ತಂದು, ಕೋಣೆ ಕತ್ತಲು ಮಾಡಿ, ವೋಲ್ಟೇಜ್ ನಿಧಾನ ಏರಿಸುತ್ತಾ ಯಾವಾಗ ಹೊತ್ತುತ್ತದೆ ಅಂತ ಮಲ್ಟಿಮೀಟರ್‌ನಲ್ಲಿ ನೋಡಿದೆವು. ಕೆಂಪು 1.8 ವೋಲ್ಟ್ ಹತ್ತಿರ ಹೊತ್ತಿತು, ನೀಲಿಗೆ 2.6ಕ್ಕಿಂತ ಜಾಸ್ತಿ ಬೇಕಾಯಿತು. ಬೆಳಕಿನ ತರಂಗದೂರ ಹಾಕಿ ಲೆಕ್ಕ ಮಾಡಿದರೆ, ಬೆಳಕಿನ ಕಣದ ಶಕ್ತಿಯನ್ನು ಅದರ ಆವರ್ತನಕ್ಕೆ ಜೋಡಿಸುವ ಪ್ಲಾಂಕ್ ಸ್ಥಿರಾಂಕ 6.2ರಿಂದ 6.6ರ ನಡುವೆ ಬಂತು, ಘಾತ ಅದೇ 10⁻³⁴. ಪುಸ್ತಕದಲ್ಲಿರುವುದು 6.626. ನಿಖರ ಪ್ರಯೋಗ ಅಲ್ಲ, ಒಪ್ಪುತ್ತೇನೆ, ಆದರೆ ಆ ಸಂಖ್ಯೆ ನಮ್ಮ ಕೈಯಿಂದಲೇ ಬಂದಾಗ ಆದ ಖುಷಿಯನ್ನು ಯಾವ ಗೈಡೂ ಕೊಡಲಾರದು.

ಇನ್ನೊಂದು ವಿಷಯ. ಕ್ಯಾನ್ಸರ್ ಚಿಕಿತ್ಸೆಗೆಂದು ನಮ್ಮವರು ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಅಲೆಯುತ್ತಾರೆ. ಅಲ್ಲಿ ವಿಕಿರಣದ ಪ್ರಮಾಣ ಲೆಕ್ಕ ಹಾಕುವವರು ಮೆಡಿಕಲ್ ಫಿಸಿಸಿಸ್ಟ್‌ಗಳು. ಎಂ.ಎಸ್ಸಿ ಫಿಸಿಕ್ಸ್ ಮುಗಿಸಿ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದರೆ ಆ ಕೆಲಸಕ್ಕೆ ದಾರಿ ಇದೆ, ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲೇ ಆ ಕೋರ್ಸ್ ಇದೆ. ನನ್ನ ತರಗತಿಯಲ್ಲಿ ಇದು ಗೊತ್ತಿದ್ದವರು ಯಾರೂ ಇರಲಿಲ್ಲ. ಫಿಸಿಕ್ಸ್ ಅಂದರೆ ಬಿ.ಎಡ್, ಇಲ್ಲವಾದರೆ ಬ್ಯಾಂಕ್ ಪರೀಕ್ಷೆ, ಅಷ್ಟೇ ಅಂದುಕೊಂಡಿದ್ದೆವು.

ನಮ್ಮ ಮೇಷ್ಟ್ರುಗಳನ್ನು ದೂರುತ್ತಿಲ್ಲ. ಸಿಲೆಬಸ್ ಮುಗಿಸುವ ಒತ್ತಡ ಅವರ ಮೇಲೂ ಇದೆ. ವಿಶ್ವವಿದ್ಯಾಲಯದವರು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಜರ್ನಲ್‌ಗಿಂತ ಎದುರಿಗೇ ಮಾಡಿದ ಅಳತೆಗೆ ಜಾಸ್ತಿ ಅಂಕ ಇಡಲಿ. ಕೈಗಾದವರು ತಮ್ಮ ಪರಿಸರ ಸಮೀಕ್ಷಾ ಪ್ರಯೋಗಾಲಯದಲ್ಲಿ ನೀರು, ಹಾಲು, ಮೀನು ಹೇಗೆ ಪರೀಕ್ಷೆ ಮಾಡುತ್ತಾರೆ ಅನ್ನುವುದನ್ನು ಜಿಲ್ಲೆಯ ಡಿಗ್ರಿ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಒಂದು ವಾರವಾದರೂ ಕೂರಿಸಿಕೊಂಡು ತೋರಿಸಲಿ. ಬಸ್ ಖರ್ಚು ನಾವೇ ಹಾಕಿಕೊಳ್ಳುತ್ತೇವೆ.

– ಬಿ.ಎಸ್ಸಿ ವಿದ್ಯಾರ್ಥಿನಿ, ಅಂಕೋಲಾ