'ನೋಡೋಣಂತ್ರಿ' ಅನ್ನಬೇಡ, ದೋಸ್ತ

ದೋಸ್ತ,

ನಿನ್ನ ಮೆಸೇಜು ರಾತ್ರಿ ಹನ್ನೊಂದೂವರೆಗೆ ಬಂತು. ಓದಿದ ಮೇಲೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಂಥವರು ಇನ್ನೂ ನಾಲ್ಕು ಮಂದಿ ಇರಬಹುದು ಅಂತ ಎಲ್ಲರಿಗೂ ಕಾಣುವಂತೆ ಹಾಕಿದ್ದೇನೆ. ನಿನ್ನ ಹೆಸರಿಲ್ಲ, ಆಫೀಸಿನ ಹೆಸರೂ ಇಲ್ಲ. ಹೆದರಬೇಡ.

ನೌಕರಿಗೆ ಅಂತ ವಿಜಯಪುರಕ್ಕೆ ಹೋಗಿ ಎಂಟು ತಿಂಗಳಾಗಿಲ್ಲ, ಆಗಲೇ ಸಾಲಕ್ಕೆ ಜಾಮೀನು ಕೇಳಿದರಲ್ಲ! ಅದೂ ದಿನಾ ಮಧ್ಯಾಹ್ನ ತಮ್ಮ ಡಬ್ಬಿಯಿಂದ ನಿನಗೆ ಎರಡು ರೊಟ್ಟಿ ತೆಗೆದಿಡುವ ನಿನ್ನ ಆಫೀಸಿನ ಕಾಕಾ. ನಿನಗೆ ರೂಮು ಹುಡುಕಿ ಕೊಟ್ಟವರು. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆ ಮನೆಮಂದಿಯ ಜೊತೆ ಕರೆದುಕೊಂಡು ಹೋದವರು. ಮಗಳ ಮದುವೆಗೆ ಐದು ಲಕ್ಷ ಸಾಲ. "ಒಂದ ಸಹಿ ಅಷ್ಟ, ತಮ್ಮಾ" ಅಂದರಂತೆ. ನೀನು ಏನಂದೆ? "ನೋಡೋಣಂತ್ರಿ, ಕಾಕಾ."

ಕೆಟ್ಟಿದ್ದು ಅಲ್ಲೇ ನೋಡು.

ಈ 'ನೋಡೋಣಂತ' ಅನ್ನೋದು ಹೇಳುವವನ ಬಾಯಲ್ಲಿ 'ಇಲ್ಲ', ಕೇಳುವವನ ಕಿವಿಯಲ್ಲಿ 'ಹೂಂ'. ಬಜಾರದಲ್ಲಿ ಹತ್ತು ಇಳಕಲ್ ಸೀರೆ ಬಿಚ್ಚಿಸಿ "ನೋಡೋಣಂತ ತಗೋರಿ" ಅಂತ ಎದ್ದು ಬಂದರೆ ಅಂಗಡಿಯವನಿಗೆ ತಿಳಿಯುತ್ತದೆ, ಸೀರೆ ಮಡಚಿಡುತ್ತಾನೆ. ಆಫೀಸಿನಲ್ಲಿ ಹಾಗಲ್ಲ. ದುಡ್ಡಿನ ಗರಜು ಇದ್ದವರಿಗೆ ಅದು ಅರ್ಧ ಸಹಿ.

ನನ್ನದೂ ಹೀಗೇ ಆಗಿತ್ತು. ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ. ನಾಚಿಕೆ, ಇನ್ನೇನು.

ಬಾಗಲಕೋಟೆಯ ನವನಗರ ನಿನಗೆ ಗೊತ್ತಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಊರು. ಸೆಕ್ಟರ್ ನಂಬರ್ ಹೇಳಿದರೆ ಸಾಕು, ಯಾರ ಮನೆ ಬೇಕಾದರೂ ಸಿಗುತ್ತದೆ. ಆಫೀಸಿನವರೆಲ್ಲ ಎರಡು ಸೆಕ್ಟರ್ ಆಚೀಚೆಗೇ ಇರುತ್ತೇವೆ. ಸಾಲ ಕೇಳಿದವರನ್ನು ತಪ್ಪಿಸಿಕೊಂಡು ತಿರುಗುವುದಕ್ಕೆ ಇದಕ್ಕಿಂತ ಕೆಟ್ಟ ಊರಿಲ್ಲ. ನನ್ನ ಎದುರು ಟೇಬಲ್ಲಿನವರು ಮನೆ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಲು ಮೂರು ಲಕ್ಷ ಎತ್ತುವವರಿದ್ದರು. ಜಾಮೀನು ಕೇಳಿದರು. ನಾನೂ "ನೋಡೋಣಂತ್ರಿ" ಅಂದೆ. ಹತ್ತು ದಿನ ಚಾಕ್ಕೆ ಅವರು ಹೋದ ಮೇಲೆ ಹೋದೆ. ಸಂಜೆ ಹಿಂದಿನ ಗೇಟಿನಿಂದ ಮನೆಗೆ ಹೋದೆ.

ಹನ್ನೊಂದನೇ ದಿನ ಅರ್ಜಿ ತಂದು ನನ್ನ ಟೇಬಲ್ ಮೇಲೆ ಇಟ್ಟರು. 'ಜಾಮೀನುದಾರ' ಅನ್ನುವ ಕಡೆ ನನ್ನ ಹೆಸರು, ನಮ್ಮಪ್ಪನ ಹೆಸರು, ಸೆಕ್ಟರು, ಪಗಾರ ಎಲ್ಲಾ ತುಂಬಿತ್ತು. ಅವರ ಅಕ್ಷರ ಬಹಳ ಚಂದ. ಸಹಿ ಮಾಡಬೇಕಾದ ಕಡೆ ಪೆನ್ಸಿಲ್‌ನಿಂದ ಸಣ್ಣದೊಂದು ಇಂಟು ಗುರುತು. ಅಷ್ಟೊತ್ತಿಗೆ ಅವರ ಮನೆ ಮುಂದೆ ಇಟ್ಟಿಗೆ, ಉಸುಕು ಬಂದು ಬಿದ್ದಾಗಿತ್ತು. ನನ್ನ 'ನೋಡೋಣಂತ' ನಂಬಿಯೇ ತರಿಸಿದ್ದು. ಆಗ 'ಇಲ್ಲ' ಅನ್ನಲು ಯಾವ ಬಾಯಿ? ಸಹಿ ಹಾಕಿದೆ. ಓದಲೂ ಇಲ್ಲ.

ಒಂದು ವರ್ಷ ಕಂತು ಸರಿಯಾಗಿ ಹೋಯಿತು. ಆಮೇಲೆ ಅವರಿಗೆ ವರ್ಗವಾಯಿತು, ಮನೆಯಲ್ಲಿ ಕಾಯಿಲೆ ಬಂತು, ಕಂತು ನಿಂತಿತು. ನೋಟಿಸು ಇಬ್ಬರಿಗೂ ಬಂತು. ಹದಿನಾಲ್ಕು ತಿಂಗಳು ನನ್ನ ಪಗಾರದಿಂದ ತಿಂಗಳಿಗೆ 3,200 ರೂಪಾಯಿ ಹೋಯಿತು. ಹೆಂಡತಿಗೆ ಹೇಳಿರಲಿಲ್ಲ. ಬ್ಯಾಂಕಿನ ಮೆಸೇಜು ನೋಡಿ "ಈ ಸಲ ಕಡಿಮಿ ಯಾಕ ಬಂದೈತಿ?" ಅಂದಳು. ಏನೋ ಸುಳ್ಳು ಹೇಳಿದೆ. ಮುಂದಿನ ತಿಂಗಳು ಮತ್ತೆ ಕೇಳಿದಳು. ಮೂರನೇ ಸಲ ಎಲ್ಲಾ ಹೇಳಬೇಕಾಯಿತು.

ಆಗ ವಕೀಲರೊಬ್ಬರನ್ನು ಕೇಳಿದೆ. 1872ರ ಕರಾರು ಕಾಯ್ದೆಯ 128ನೇ ಕಲಮು ತೋರಿಸಿದರು. ಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅವನ ಹತ್ತಿರ ವಸೂಲಿ ಮಾಡಿ, ಆಗದಿದ್ದರೆ ನನ್ನ ಹತ್ತಿರ ಬನ್ನಿ ಅನ್ನುವ ಹಾಗಿಲ್ಲ. ಬ್ಯಾಂಕಿನ ಸಾಲವಾದರೆ ಆ ಸುಸ್ತಿ, ಅಂದರೆ ಕಟ್ಟದೆ ಉಳಿದ ಬಾಕಿ, ನಿನ್ನ ಸಿಬಿಲ್‌ನಲ್ಲೂ, ಅಂದರೆ ನಿನ್ನ ಸಾಲದ ದಾಖಲೆಯಲ್ಲೂ ಕೂರುತ್ತದೆ. ನಾಳೆ ನೀನೇ ಮನೆ ಕಟ್ಟಲು ಸಾಲ ಕೇಳಿದಾಗ ಎದ್ದು ಬರುತ್ತದೆ. ನಾವು ಕಟ್ಟಿದ್ದನ್ನು ಸಾಲಗಾರನಿಂದ ವಾಪಸು ಪಡೆಯುವ ಹಕ್ಕು ನಮಗಿದೆ, ನಿಜ. ಆದರೆ ವರ್ಷಗಟ್ಟಲೆ ಎದುರು ಕೂತು ಚಾ ಕುಡಿದವರ ಮೇಲೆ ಕೇಸು ಹಾಕುತ್ತೀಯಾ? ನನ್ನ ಕೈಲಿ ಆಗಲಿಲ್ಲ.

ಹಾಗಂತ ಯಾರಿಗೂ ಜಾಮೀನು ಹಾಕಬಾರದು ಅಂತ ನಾನು ಹೇಳುವುದಿಲ್ಲ. ನಮ್ಮ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರಿ ಸಂಘ ಕಟ್ಟಿದ್ದು ಒಬ್ಬರ ಹೊಣೆ ಇನ್ನೊಬ್ಬರು ಹೊರುತ್ತಾರೆ ಅನ್ನುವ ನಂಬಿಕೆಯ ಮೇಲೇ ಅಲ್ವಾ? ನನ್ನ ಬೈಕಿನ ಸಾಲಕ್ಕೂ ಒಬ್ಬರು ಸಹಿ ಹಾಕಿದ್ದರು. ಹಾಕುವುದಾದರೆ ಲೆಕ್ಕ ಹಾಕಿ ಹಾಕು. ನಿನ್ನ ಕಾಕಾ ನಿವೃತ್ತಿಯಾಗಲು ಎಷ್ಟು ವರ್ಷ ಉಳಿದಿದೆ? ಸಾಲದ ಕಂತು ಎಷ್ಟು ವರ್ಷದ್ದು? ನೀನು ಬರೆದಿದ್ದು ನೋಡಿದರೆ ಅವರು ಮನೆಗೆ ಹೋಗಿ ಮೂರು ವರ್ಷವಾದ ಮೇಲೂ ಕಂತು ಇರುತ್ತದೆ. ಆ ಮೂರು ವರ್ಷ ಪಗಾರ ಬರುವುದು ನಿನಗೊಬ್ಬನಿಗೇ. ನನಗಂತೂ ಇದು ಬೇಡ ಅನಿಸುತ್ತದೆ.

ಬೇಡ ಅನ್ನುವುದಾದರೆ ನಾಳೆಯೇ ಹೇಳು. ಅವರು ಕಲ್ಯಾಣ ಮಂಟಪಕ್ಕೆ ಅಡ್ವಾನ್ಸ್ ಕೊಡುವ ಮೊದಲು. ಊಟದ ಹೊತ್ತಿಗೆ ಬೇಡ, ಎಲ್ಲರ ಎದುರಿಗೂ ಬೇಡ. ಮುಂಜಾನೆ ಚಾಕ್ಕೆ ನೀನೇ ಕರೆದುಕೊಂಡು ಹೋಗು. "ಕಾಕಾ, ಅವತ್ತು ನೋಡೋಣಂತ ಅಂದಿದ್ದು ನನ್ನ ತಪ್ಪು. ನನ್ನ ಕಡಿಂದ ಜಾಮೀನ ಆಗೂದಿಲ್ರಿ." ಅಷ್ಟೇ. ಅಪ್ಪ ಬೇಡ ಅಂದ ಅಂತ ಸುಳ್ಳು ಹೇಳಬೇಡ, ಅಪ್ಪನ ನಂಬರ್ ಕೇಳುತ್ತಾರೆ. ಕೈಲಾದರೆ ಮದುವೆಗೆ ಹತ್ತು ಸಾವಿರ ಆಯೇರ ಮಾಡು, ಕೈಗಡ ಅನ್ನಬೇಡ. ಎರಡು ದಿನ ರಜೆ ಹಾಕಿ ಬಡಿಸಲು ನಿಲ್ಲು. ಅವರ ರೊಟ್ಟಿಯ ಋಣಕ್ಕೆ ಅದು ಸರಿಹೋಗುತ್ತದೆ, ಏಳು ವರ್ಷದ ಕಂತಲ್ಲ.

ಇನ್ನು ಮೆಸೇಜಿನಲ್ಲಿ ನೀನು ಕೇಳಿದ ಉಳಿದದ್ದು. ಮೊದಲು ನಿನ್ನ ಸಾಹೇಬರು. ನೀನು ಮಾಡಿದ ಎಕ್ಸೆಲ್ ಶೀಟನ್ನು ಮೀಟಿಂಗಿನಲ್ಲಿ ತಮ್ಮದು ಅಂತ ತೋರಿಸಿದರಾ? ಒಂದು ಸಲ ಬಿಡು. ಮುಂದಿನ ಸಲ ಪೆನ್‌ಡ್ರೈವ್‌ನಲ್ಲಿ ಕೊಡಬೇಡ, ಮೇಲ್ ಮಾಡು, "ನಾನು ತಯಾರಿಸಿದ ತಿಂಗಳ ಲೆಕ್ಕ" ಅಂತ ಒಂದು ಸಾಲು ಬರೆದು. ಬೀಳ್ಕೊಡುಗೆಗೆ ಎಲ್ಲರಿಂದ ಎತ್ತುವ ಪಟ್ಟಿ ಐನೂರು ಜಾಸ್ತಿ ಅನಿಸಿದರೆ ಇನ್ನೂರು ಕೊಡು. ಎರಡು ದಿನ ಆಡಿಕೊಳ್ಳುತ್ತಾರೆ, ಮರೆಯುತ್ತಾರೆ. ಬೇರೆಯವರ ಹಾಜರಿ ಹಾಕುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ನನ್ನನ್ನು ಕೇಳುವುದೇನಿದೆ?

ನನ್ನ ಎದುರು ಟೇಬಲ್ಲಿನವರು ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ನಾನು ಕಟ್ಟಿದ 44,800ರಲ್ಲಿ 20,000 ಇಲ್ಲಿಯವರೆಗೆ ವಾಪಸು ಕೊಟ್ಟಿದ್ದಾರೆ, ಸುಮ್ನೆ ಹೇಳಬಾರದು. ಆವತ್ತು ದುಡ್ಡಿನ ಮಾತು ಇಬ್ಬರೂ ತೆಗೆಯಲಿಲ್ಲ. ಬಸ್ಸು ಹೊರಡುವಾಗ ಅಮೀನಗಡದ ಕರದಂಟಿನ ಡಬ್ಬಿ ಕೈಗಿಟ್ಟರು. ಮನೆಗೆ ತಂದೆ. ಹೆಂಡತಿ ಮುಚ್ಚಳ ತೆಗೆದು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇಪ್ಪತ್ನಾಕ ಸಾವಿರದ ಎಂಟನೂರ ರೂಪಾಯಿದು. ಚೊಲೋ ಐತಿ" ಅಂದಳು.

ನಾಳೆ ಹೇಳಿದ ಮೇಲೆ ಫೋನ್ ಮಾಡು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ರೊಟ್ಟಿ ತೆಗೆದಿಟ್ಟರೋ ಇಲ್ಲವೋ, ಅದನ್ನೂ ಹೇಳು.

ನಿನ್ನ,
ಬಾಗಲಕೋಟೆಯ ದೋಸ್ತ