ಬಟ್ಟೆ ವ್ಯಾಪಾರಕ್ಕೆ ಕೈಹಾಕುವ ಮುನ್ನ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಕೆಲಸ ಬಿಟ್ಟು ಸ್ವಂತದ್ದೇನಾದರೂ ಮಾಡಬೇಕು ಎಂದಿದ್ದೀಯ. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ. ಮನಸ್ಸು ಒಪ್ಪದಿರುವುದು ಬಟ್ಟೆ ವ್ಯಾಪಾರಕ್ಕೆ. ಗೆಳತಿಯರಿಬ್ಬರು ಅದರಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದಾರೆ ಎಂಬುದನ್ನು ಬಿಟ್ಟರೆ ಬೇರೆ ಕಾರಣವನ್ನೇ ನೀನು ಬರೆದಿಲ್ಲ. ಬಟ್ಟೆ ಮುಟ್ಟಿದರೆ ಸಾಕು, ಅವರಿಗೆ ನೂಲು ಯಾವುದು, ನೇಯ್ಗೆ ಎಂಥದ್ದು ಎಂದು ತಿಳಿಯುತ್ತದೆ. ನೀನು ಅದನ್ನು ಅ ಆ ಇ ಈಯಿಂದ ಕಲಿಯಬೇಕು, ಅದೂ ಸ್ವಂತ ದುಡ್ಡು ಸುರಿದು.

ನಿನಗೇನು ಬರುತ್ತದೆ ಎಂಬುದು ನಿನ್ನನ್ನು ಹುಡುಕಿಕೊಂಡು ಬರುವವರಿಗೆ ಚೆನ್ನಾಗಿ ಗೊತ್ತು. ಹೋದ ಸಲ ನೀನು ಬಂದಾಗ ನನ್ನ ಗೆಳೆಯ ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದಿದ್ದನಲ್ಲ? ಮಾರಾಟ ಏರುತ್ತಿದೆ, ಕೈಯಲ್ಲಿ ಮಾತ್ರ ಕಾಸಿಲ್ಲ, ಯಾರೋ ಕದಿಯುತ್ತಿದ್ದಾರೆ ಎಂದು ಅವನಿಗೆ ಅನುಮಾನ. ನೀನು ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದೆ. ಸರಕು ಕೊಟ್ಟವರಿಗೆ ಅವನು ಹದಿನೈದು ದಿನದೊಳಗೆ ಹಣ ಕಟ್ಟುತ್ತಿದ್ದ, ಗಿರಾಕಿಗಳು ಅವನಿಗೆ ಕೊಡುತ್ತಿದ್ದದ್ದು ಎರಡು ತಿಂಗಳಾದ ಮೇಲೆ. ಮಾರಾಟ ಹೆಚ್ಚಿದಷ್ಟೂ ಬಾಕಿಯಲ್ಲಿ ಸಿಕ್ಕಿಕೊಳ್ಳುವ ದುಡ್ಡೂ ಹೆಚ್ಚು ಎಂದು ಅವನಿಗೆ ಬಿಡಿಸಿ ಹೇಳಿದೆ. ಆಮೇಲೆ ನನ್ನ ಹತ್ತಿರ "ಇದನ್ನ ಯಾರು ಬೇಕಾದ್ರೂ ಹೇಳ್ತಾರೆ ದೊಡ್ಡಪ್ಪ" ಅಂದೆ. ಇಲ್ಲ ಮಗಳೇ, ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಬರುವ ವಿದ್ಯೆಗೆ ಬೆಲೆಯಿದೆ ಎಂದು ನಮಗೆ ಹೊಳೆಯುವುದೇ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ವಿದ್ಯೆ ಎಂದರೆ ಕೆಲಸದ ಹೆಸರಲ್ಲ, ಅದರೊಳಗೆ ಏನೇನು ಬರುತ್ತದೆ ಎಂಬುದು. ಜಪಾನಿನ ಫ್ಯೂಜಿಫಿಲ್ಮ್ ಕಂಪನಿಯನ್ನು ನೋಡು. ಕ್ಯಾಮೆರಾ ರೀಲಿನ ಬೇಡಿಕೆ ಜಗತ್ತಿನಾದ್ಯಂತ 2000ರ ಸುಮಾರಿಗೆ ತುತ್ತತುದಿ ಮುಟ್ಟಿ, ಆಮೇಲೆ ಡಿಜಿಟಲ್ ಕ್ಯಾಮೆರಾ ಹಬ್ಬಿದಂತೆ ಕುಸಿದೇ ಹೋಯಿತು. ರೀಲು ತಯಾರಿಸುವುದಕ್ಕೆ ಏನೇನು ತಿಳಿದಿರಬೇಕು ಎಂದು ಅವರು ಎಳೆಎಳೆಯಾಗಿ ಬಿಡಿಸಿ ನೋಡಿಕೊಂಡರು. ರೀಲಿನಲ್ಲಿ ಬಳಸುವ ಜೆಲಾಟಿನ್ ಬರುವುದು ಕೊಲಾಜೆನ್‌ನಿಂದ, ನಮ್ಮ ಚರ್ಮದಲ್ಲಿರುವುದೂ ಕೊಲಾಜೆನ್ನೇ. ಫೋಟೋದ ಬಣ್ಣ ಮಾಸದಂತೆ ಕಾಪಾಡುವ ವಿದ್ಯೆ ಚರ್ಮದ ಆರೈಕೆಗೂ ಒದಗಿತು. 2007ರಲ್ಲಿ ಅಸ್ಟಾಲಿಫ್ಟ್ ಎಂಬ ಹೆಸರಿನಲ್ಲಿ ಸೌಂದರ್ಯವರ್ಧಕಗಳನ್ನು ಮಾರುಕಟ್ಟೆಗೆ ತಂದರು. ರೀಲಿನ ತಳಕ್ಕೆ ಬಳಸುತ್ತಿದ್ದ ತೆಳು ಹಾಳೆಯನ್ನು ಎಲ್‌ಸಿಡಿ ಪರದೆಗಳಿಗೆ ಒಗ್ಗಿಸಿದರು. ಅದೇ ರೀಲಿನ ದೊರೆಯಾಗಿದ್ದ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲೇ ತಯಾರಿಸಿದ್ದು ಅವರದೇ ಎಂಜಿನಿಯರು, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನೀನೂ 'ಅಕೌಂಟೆಂಟ್' ಎಂದು ಬರೆದು ನಿಲ್ಲಿಸದೆ ನಿನ್ನ ಕೆಲಸವನ್ನು ಬಿಡಿಸಿ ನೋಡು. ಗಾಬರಿಗೊಂಡವರ ಎದುರು ತಾಳ್ಮೆಯಿಂದ ಕೂರುತ್ತೀಯ. ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆ ಹಚ್ಚುತ್ತೀಯ. ಅದನ್ನು ಲೆಕ್ಕದ ಗಂಧಗಾಳಿ ಇಲ್ಲದವರಿಗೂ ತಿಳಿಯುವಂತೆ ಹೇಳುತ್ತೀಯ, ಇದಂತೂ ಬಲು ಅಪರೂಪ.

ಆದರೆ ದುಡ್ಡು ಕೊಟ್ಟು ಕೊಳ್ಳುವವರು ಇಲ್ಲದಿದ್ದರೆ ಯಾವ ವಿದ್ಯೆಯೂ ವ್ಯಾಪಾರವಾಗದು. ಕೆಲಸದಲ್ಲಿರುವಾಗಲೇ ಪರಿಚಯದ ಸಣ್ಣ ವ್ಯಾಪಾರಿಗಳನ್ನು ಕಂಡು, ತಿಂಗಳಿಗೊಮ್ಮೆ ಲೆಕ್ಕ ನೋಡಿಕೊಡುತ್ತೇನೆ, ಶುಲ್ಕ ಇಷ್ಟು ಎಂದು ಬಾಯಿಬಿಟ್ಟು ಕೇಳು. ನಿಮ್ಮ ಕಚೇರಿಯ ನಿಯಮ ಅದಕ್ಕೆ ಅಡ್ಡಬರುವುದಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊ, ಅಲ್ಲಿನ ಗಿರಾಕಿಗಳ ಗೊಡವೆಗೆ ಹೋಗಬೇಡ. ಹೊಗಳಿದವರನ್ನು ಲೆಕ್ಕಕ್ಕೆ ಹಿಡಿಯಬೇಡ, ಎರಡನೇ ತಿಂಗಳೂ ಹಣ ಕೊಟ್ಟವರನ್ನು ಹಿಡಿ. ಎಷ್ಟು ಲಾಭ ಬಂದೀತು ಎಂದು ಗುಣಿಸುತ್ತ ಕೂರುವ ಮೊದಲು, ಎಷ್ಟು ಕಳೆದುಕೊಂಡರೂ ಮನೆ ನಡೆದೀತು ಎಂದು ನಿಶ್ಚಯಿಸಿಕೊ.

ದುಡ್ಡು ಕೇಳುವಾಗ ನಿನಗೆ ದಾಕ್ಷಿಣ್ಯ ಹೆಚ್ಚು. ಶುಲ್ಕವನ್ನು ಮೊದಲೇ ಕಾಗದದ ಮೇಲೆ ಬರೆದು ಕೊಟ್ಟುಬಿಡು, ಆಗ ಮುಜುಗರ ಅರ್ಧ ಇಳಿಯುತ್ತದೆ. ಹೊಸಬರ ಬಾಗಿಲು ತಟ್ಟಿ ಗಿರಾಕಿ ಹುಡುಕುವುದು ನಿನ್ನ ಜಾಯಮಾನವಲ್ಲ. ಅದನ್ನು ಕಲಿಯಲು ವರ್ಷ ಕಳೆಯಬೇಡ, ನಿನ್ನ ತಮ್ಮ ಎಂಥವರನ್ನೂ ಮಾತಾಡಿಸಬಲ್ಲ. ಅವನನ್ನು ಸೇರಿಸಿಕೊ, ಪಾಲು ಎಷ್ಟೆಂದು ಮೊದಲೇ ಬರೆದಿಟ್ಟುಕೊಳ್ಳಿ. ಒಡಹುಟ್ಟಿದವರ ನಡುವೆ ಅದು ಇನ್ನೂ ಮುಖ್ಯ.

ಮೊದಲ ಗಿರಾಕಿ ಸಿಕ್ಕ ಕೂಡಲೇ ನನಗೆ ತಿಳಿಸು. ಶುಲ್ಕ ಎಷ್ಟು ಕೇಳಿದೆ, ಅವರೇನಂದರು, ಎರಡನ್ನೂ ಬರೆ.

ಇಂತಿ ನಿನ್ನ
ದೊಡ್ಡಪ್ಪ