ಕುಮಟಾ–ಅಘನಾಶಿನಿ ಬಸ್ಸಿನ ಕಂಡಕ್ಟರಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ, ಆದರೂ ಈ ಧನ್ಯವಾದ ನಿಮಗೇ ಸಲ್ಲಬೇಕು. ಅಘನಾಶಿನಿಯಲ್ಲಿ ಇಳಿದು, ಹೊಳೆ ದಾಟಿ, ಗೋಕರ್ಣದವರೆಗೆ ನಡೆಯುತ್ತೇವೆ ಎಂದೆವು. ಬಸ್ ತುಂಬ ಜನರಿದ್ದರೂ ನೀವು ನಮ್ಮ ಸೀಟಿನ ಪಕ್ಕ ನಿಂತು, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿನ ಹಿಂಬದಿಯಲ್ಲೇ ದಾರಿ ಗೀಚಿಕೊಟ್ಟಿರಿ: ತದಡಿ, ಆಮೇಲೆ ಒಂದೊಂದೇ ಕಡಲತೀರ, ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಹಾಫ್ ಮೂನ್ ಹತ್ತಿರ ಅಡ್ಡಗೆರೆ ಎಳೆದು, "ತಂಗಿ, ಭರತ (ಕಡಲಿನ ಉಬ್ಬರ) ಇದ್ದಾಗ ಬಂಡೆ ಮೇಲೆ ಹೋಗಬೇಡಿ, ಗುಡ್ಡದ ದಾರಿ ಹಿಡೀರಿ" ಎಂದಿರಿ.

ಆ ಮಾತಿನ ಬೆಲೆ ಅಲ್ಲಿ ನಿಂತಾಗ ತಿಳಿಯಿತು. ಪಾಚಿಗಟ್ಟಿದ ಕಪ್ಪು ಬಂಡೆಗೆ ಅಲೆ ಬಂದು ಅಪ್ಪಳಿಸುತ್ತಿತ್ತು. ಹಾಫ್ ಮೂನ್‌ಗೆ ವಾಹನ ಹೋಗುವ ರಸ್ತೆಯಿಲ್ಲ, ಕಾಲ್ನಡಿಗೆ ಇಲ್ಲವೇ ದೋಣಿ. ಅಲ್ಲಿ ಕಾಲು ಜಾರಿದರೆ ನೆರವು ಬರುವುದೂ ತಡ. ನಾವು ಗುಡ್ಡ ಹತ್ತಿದೆವು. ಮೇಲಿನಿಂದ ಕಂಡ ಕಡಲನ್ನು ಮರೆಯಲಾರೆವು.

ಒಂದೂರಲ್ಲಿ ಇಳಿದು ಇನ್ನೊಂದೂರಲ್ಲಿ ಬಸ್ ಹತ್ತುವ ಈ ಸುಖ ಕಾರಿನಲ್ಲಿ ಬರುವವರಿಗೆ ಸಿಗದು. ಗೋಕರ್ಣದ ನಿಲ್ದಾಣದಲ್ಲಿ ಕುಮಟಾ ಬಸ್ಸೂ ಸಿಕ್ಕಿತು.

ಕುಮಟಾ ಕಡೆಯವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಆ ಅಣ್ಣನಿಗೆ ತಲುಪಿಸಿ. ಮುಂದಿನ ಚಳಿಗಾಲಕ್ಕೆ ಅಮ್ಮನನ್ನೂ ಕರೆದುಕೊಂಡು ಅದೇ ಬಸ್ಸಿಗೆ ಬರುತ್ತೇವೆ.